ಮನೆಗೆ ವಿಮೆ: ಹೇಳಿದ ಬೆಲೆ ಸರಿಯೇ?

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಗಾದೆ ಇದೆ. ಮನೆ ಕಟ್ಟಿದವರಿಗೆ ಅದರ ಕಷ್ಟ ಗೊತ್ತು. ಕೂಲಿ ಹಣ ಉಳಿಸಬೇಕು. ಸಂಘದಲ್ಲಿ ಸಾಲ ಮಾಡಬೇಕು. ಒಡವೆ ಅಡವಿಡಬೇಕು. ಹೀಗೆ ಹತ್ತು, ಹದಿನೈದು ವರ್ಷ ದುಡಿದದ್ದು ನಾಲ್ಕು ಗೋಡೆಯಾಗಿ ನಿಲ್ಲುತ್ತದೆ.

ಅದು ಬೀಳೋದಕ್ಕೆ ಎಷ್ಟು ಹೊತ್ತು ಬೇಕು? ಒಂದು ರಾತ್ರಿ ಸಾಕು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮಳೆ ಸುರಿಯಿತು. ಊರಿಗೆ ಊರೇ ನೀರಲ್ಲಿ ನಿಂತವು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳು ಹೋದವು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಮತ್ತೆ ಉಕ್ಕಿದವು. ಆಗ ಸರಕಾರ ಪರಿಹಾರ ಕೊಡುತ್ತದೆ, ನಿಜ. ಆದರೆ ಪರಿಹಾರದ ಹಣದಲ್ಲಿ ಹೋದ ಮನೆಯಂಥದೇ ಮನೆ ಎದ್ದೀತು ಅಂತ ಹೇಳೋಕಾಗಲ್ಲ. ಅದಕ್ಕೇ ಕೆಲವರು ಮನೆಗೆ ವಿಮೆ ಮಾಡಿಸುತ್ತಾರೆ.

ನಮ್ಮ ಕೇಂದ್ರದ ಒಬ್ಬ ಅಕ್ಕ ಕೇಳಿದರು: 'ಏಜೆಂಟರು ಒಂದು ಕಾಗದ ಕೊಟ್ಟಿದ್ದಾರೆ. ಇಷ್ಟು ದುಡ್ಡು ಕಟ್ಟಿ ಅಂತಾರೆ. ಇದು ಹೆಚ್ಚಾ, ಕಡಿಮೆಯಾ? ನಮಗೆ ಹೇಗೆ ಗೊತ್ತಾಗಬೇಕು?' ಒಳ್ಳೆಯ ಪ್ರಶ್ನೆ. ಇವತ್ತು ಅದನ್ನೇ ಮಾತಾಡೋಣ.

ಆ ಕಾಗದಕ್ಕೆ ಕೊಟೇಶನ್ ಅಂತಾರೆ. ಅದರಲ್ಲಿ ಮುಖ್ಯವಾಗಿ ಮೂರು ವಿಷಯ ಇರುತ್ತವೆ. ವರ್ಷಕ್ಕೆ ನಾವು ಕಟ್ಟುವ ಹಣ. ಇದು ಪ್ರೀಮಿಯಂ ಅಥವಾ ಕಂತು. ಮನೆ ಪೂರ್ತಿ ಹೋದರೆ ಹೆಚ್ಚೆಂದರೆ ಸಿಗುವ ಹಣ. ಇದು ವಿಮಾ ಮೊತ್ತ. ಯಾವ ಯಾವ ಅಪಾಯಕ್ಕೆ ಹಣ ಸಿಗುತ್ತದೆ ಅನ್ನುವ ಪಟ್ಟಿ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡ್ತಾರೆ. ಮೂರನ್ನೂ ಒಟ್ಟಿಗೆ ನೋಡಬೇಕು.

ಮೊದಲು ನಮ್ಮ ಮನೆಯ ಲೆಕ್ಕ

ಏಜೆಂಟರ ಲೆಕ್ಕ ನೋಡುವ ಮೊದಲು ನಮ್ಮ ಲೆಕ್ಕ ನಾವು ಮಾಡಬೇಕು. ಮನೆಯನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟು ಬೇಕು? ಅಷ್ಟೇ ವಿಮಾ ಮೊತ್ತ ಆಗಬೇಕು. ಜಾಗದ ಬೆಲೆ ಸೇರಿಸಬಾರದು. ಯಾಕೆ? ಬೆಂಕಿಗೆ ಜಾಗ ಸುಡೋದಿಲ್ಲ. ನೆರೆ ಇಳಿದ ಮೇಲೆ ಜಾಗ ಅಲ್ಲೇ ಇರುತ್ತದೆ.

ಗೋಡೆಗಳ ಒಳಗಿನ ಉದ್ದ, ಅಗಲ ಅಳೆಯಿರಿ. ಗುಣಿಸಿ. ಉದಾಹರಣೆಗೆ 500 ಚದರ ಅಡಿ ಬಂತು ಅನ್ನಿ. ಒಂದು ಚದರ ಅಡಿ ಕಟ್ಟಲು ಈಗ ಎಷ್ಟು ಬೀಳುತ್ತದೆ ಅಂತ ಊರಿನ ಮೇಸ್ತ್ರಿಯನ್ನು ಕೇಳಿ. ಅವರು 1,800 ರೂಪಾಯಿ ಅಂದರು ಅಂತ ಇಟ್ಟುಕೊಳ್ಳೋಣ.

500 × 1,800 = 9,00,000

ನಮ್ಮ ಮನೆಗೆ ಬೇಕಾದ ವಿಮೆ 9 ಲಕ್ಷ ರೂಪಾಯಿ. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಿಮಾ ಕಾಗದದಲ್ಲಿ ಚದರ ಮೀಟರ್ ಲೆಕ್ಕ ಇರಬಹುದು. ಗಾಬರಿ ಬೇಡ. ಒಂದು ಚದರ ಮೀಟರ್ ಅಂದರೆ ಸುಮಾರು 10 ಮುಕ್ಕಾಲು ಚದರ ಅಡಿ.

ಸಾವಿರಕ್ಕೆ ಎಷ್ಟು?

ಸಂತೆಯಲ್ಲಿ ಟೊಮೆಟೊ ಹೇಗೆ ಕೊಳ್ತೀರಿ? ಒಬ್ಬರು ಬುಟ್ಟಿ ಲೆಕ್ಕ ಹೇಳ್ತಾರೆ, ಇನ್ನೊಬ್ಬರು ಕಿಲೋ ಲೆಕ್ಕ ಹೇಳ್ತಾರೆ. ನೀವು ಎರಡನ್ನೂ ಕಿಲೋಗೆ ತಂದು ನೋಡ್ತೀರಿ. ವಿಮೆಗೂ ಹಾಗೇ ಮಾಡಬೇಕು. ಒಂದು ಸಾವಿರ ರೂಪಾಯಿ ವಿಮೆಗೆ ಎಷ್ಟು ಕಂತು ಅಂತ ನೋಡಬೇಕು.

ಮೂರು ಕೊಟೇಶನ್ ಬಂದಿವೆ ಅಂತ ಇಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ನಾನು ಮಾಡಿಕೊಂಡ ಅಂಕಿಗಳು. ನಿಮ್ಮ ಊರಿನ ದರ ಬೇರೆ ಇರುತ್ತದೆ. ಮೂರರಲ್ಲೂ ತೆರಿಗೆ ಸೇರಿದೆ.

ಒಂದನೆಯದು: ವಿಮೆ 20 ಲಕ್ಷ. ಕಂತು 1,000 ರೂಪಾಯಿ. ಸಾವಿರಕ್ಕೆ 50 ಪೈಸೆ.

ಎರಡನೆಯದು: ವಿಮೆ 9 ಲಕ್ಷ. ಕಂತು 540 ರೂಪಾಯಿ. ಸಾವಿರಕ್ಕೆ 60 ಪೈಸೆ.

ಮೂರನೆಯದು: ವಿಮೆ 9 ಲಕ್ಷ. ಕಂತು 360 ರೂಪಾಯಿ. ಸಾವಿರಕ್ಕೆ 40 ಪೈಸೆ.

ಮೂರನೆಯದೇ ಅಗ್ಗ ಅಂತೀರಾ? ನಿಧಾನ ಮಾಡಿ. ಅದರ ಪಟ್ಟಿ ಓದಿ. ಅದರಲ್ಲಿ ನೆರೆ ಮತ್ತು ಭೂಕಂಪ ಬಿಟ್ಟಿದ್ದಾರೆ ಅನ್ನಿ. ನಿಮ್ಮ ಮನೆ ಹೊಳೆ ದಂಡೆಯಲ್ಲಿದೆ. ನಿಮಗಿರುವ ದೊಡ್ಡ ಭಯವೇ ನೀರು. ಆ ಭಯಕ್ಕೆ ಬಾರದ ವಿಮೆ 360 ಅಲ್ಲ, 60 ರೂಪಾಯಿಗೆ ಸಿಕ್ಕರೂ ದುಬಾರಿಯೇ.

ಒಂದನೆಯದನ್ನು ನೋಡೋಣ. 20 ಲಕ್ಷ ಹೇಗೆ ಬಂತು? ಜಾಗದ ಬೆಲೆ ಸೇರಿಸಿದ್ದಾರೆ. ಮನೆ ಪೂರ್ತಿ ಬಿದ್ದರೂ ಕಂಪನಿ ಕೊಡುವುದು ಮತ್ತೆ ಕಟ್ಟುವ ಖರ್ಚು. ಅಂದ್ರೆ 9 ಲಕ್ಷ. ನೀವು 20 ಲಕ್ಷಕ್ಕೆ ಕಂತು ಕಟ್ಟಿ 9 ಲಕ್ಷದ ರಕ್ಷಣೆ ಪಡೆದಂತಾಯ್ತು. ಆಗ ಸಾವಿರಕ್ಕೆ ನಿಜವಾಗಿ ಬಿದ್ದದ್ದು 1 ರೂಪಾಯಿ 11 ಪೈಸೆ.

ಎರಡನೆಯದು ಮೇಲ್ನೋಟಕ್ಕೆ ದುಬಾರಿ. ಆದರೆ ಮೊತ್ತ ಸರಿ ಇದೆ, ನೆರೆಯೂ ಸೇರಿದೆ. ಮೂರರಲ್ಲಿ ನ್ಯಾಯವಾದ ಬೆಲೆ ಅದೇ.

ಇನ್ನೊಂದು ಮಾತು. ಕೆಲವರು 10 ವರ್ಷಕ್ಕೆ ಒಟ್ಟಿಗೆ ಹೇಳ್ತಾರೆ. 4,500 ಅಂದರು ಅನ್ನಿ. ಅದನ್ನು 10ರಿಂದ ಭಾಗಿಸಿ. ವರ್ಷಕ್ಕೆ 450. ಆಮೇಲೆ ಹೋಲಿಸಿ.

ಹೋಲಿಸಲು ಒಂದು ಅಳತೆಗೋಲು

ವಿಮಾ ಕಂಪನಿಗಳ ಮೇಲೆ ಒಂದು ಸರಕಾರಿ ಪ್ರಾಧಿಕಾರ ಇದೆ. ಅದರ ಹೆಸರು ಐಆರ್‌ಡಿಎಐ. ಅದರ ಆದೇಶದಂತೆ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಮನೆ ವಿಮೆ ಬಂದಿದೆ. ಇದರ ನಿಯಮ ಎಲ್ಲ ಕಂಪನಿಗಳಲ್ಲೂ ಒಂದೇ. ಬೆಲೆ ಮಾತ್ರ ಬೇರೆ ಬೇರೆ. ಆದ್ದರಿಂದ ಹೋಲಿಸುವುದು ಸುಲಭ. ಎರಡು, ಮೂರು ಕಂಪನಿಗಳಲ್ಲಿ ಇದೇ ಹೆಸರು ಹೇಳಿ, ಅದೇ 9 ಲಕ್ಷಕ್ಕೆ ಬೆಲೆ ಕೇಳಿ.

ಇದರಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು ಎಲ್ಲ ಸೇರಿವೆ. ವಾಹನ ಗುದ್ದಿದರೆ, ಮರ ಬಿದ್ದರೆ ಆಗುವ ಹಾನಿಯೂ ಸೇರಿದೆ. ಮನೆಯ ಜೊತೆಗೆ ಒಳಗಿನ ಸಾಮಾನಿಗೂ ರಕ್ಷಣೆ ಇದೆ. ಮನೆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ. ನಮ್ಮ 9 ಲಕ್ಷದ ಮನೆಗೆ ಇದು 1,80,000 ರೂಪಾಯಿ ಆಯ್ತು. ಸಾಮಾನಿನ ಪಟ್ಟಿ ಕೊಡಬೇಕಾಗಿಲ್ಲ. ಆದ್ದರಿಂದ 'ಸಾಮಾನಿಗೆ ಬೇರೆ ಕಟ್ಟಿ' ಅಂದರೆ, ಇದಕ್ಕಿಂತ ಹೆಚ್ಚಿನ ಸಾಮಾನು ಮನೆಯಲ್ಲಿ ಇದೆಯಾ ಅಂತ ಯೋಚಿಸಿ.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ ಏನಾಗುತ್ತೆ? ಹಲವು ಬಗೆಯ ವಿಮೆಗಳಲ್ಲಿ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. 9 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷದ ವಿಮೆ ಇದ್ದು, 2 ಲಕ್ಷ ಹಾನಿಯಾದರೆ 1 ಲಕ್ಷ ಮಾತ್ರ ಕೊಡ್ತಾರೆ. ಭಾರತ್ ಗೃಹ ರಕ್ಷಾದಲ್ಲಿ ಈ ಕತ್ತರಿ ಇಲ್ಲ. ಹಾಗಂತ ಕಡಿಮೆ ಬರೆಸಬೇಡಿ. ಮನೆ ಪೂರ್ತಿ ಹೋದರೆ ನಾಲ್ಕೂವರೆ ಲಕ್ಷದ ಮೇಲೆ ಸಿಗೋದಿಲ್ಲ.

ಏನು ಸಿಗುವುದಿಲ್ಲ?

ಇದನ್ನು ಏಜೆಂಟರು ತಾವಾಗಿ ಹೇಳದೆ ಇರಬಹುದು. ನೀವೇ ಕೇಳಬೇಕು.

ಬೀಗ ಒಡೆದು ಕಳ್ಳತನ ಆದರೆ ಈ ವಿಮೆಯಲ್ಲಿ ಹಣ ಇಲ್ಲ. ನೆರೆ, ಬೆಂಕಿಯಂಥ ಘಟನೆಯ ಕಾರಣದಿಂದ, 7 ದಿನದ ಒಳಗೆ ಕಳವಾದರೆ ಮಾತ್ರ ಉಂಟು. ಕಳ್ಳತನದ ವಿಮೆ ಬೇರೆ ಮಾಡಿಸಬೇಕು. ಚಿನ್ನದ ಒಡವೆಗೂ ಬೇರೆ ಕೇಳಿ ಸೇರಿಸಬೇಕು. ಕರೆಂಟ್ ಹೆಚ್ಚಾಗಿ ಟಿವಿ ಒಂದೇ ಸುಟ್ಟರೆ ಅದರ ಹಣ ಬರೋದಿಲ್ಲ.

ಬಾಡಿಗೆಗೆ ಇರುವವರಿಗೆ ಮನೆಯ ವಿಮೆ ಬೇಡ. ಗೋಡೆ ಮಾಲೀಕರದು. ಸಾಮಾನಿಗೆ ಮಾತ್ರ ಸಾಕು.

ಬ್ಯಾಂಕಿನ ಸಾಲ ಇದ್ದವರು ಹುಷಾರಾಗಿ ಕೇಳಿ. ಬ್ಯಾಂಕಿನಲ್ಲಿ 'ವಿಮೆ' ಅಂದಾಗ ಅದು ಯಾವುದು? ಸಾಲ ಮಾಡಿದವರು ತೀರಿಕೊಂಡರೆ ಸಾಲ ತೀರಿಸುವುದು ಜೀವ ವಿಮೆ. ಗೋಡೆ ಬಿದ್ದರೆ ಹಣ ಕೊಡುವುದು ಮನೆ ವಿಮೆ. ಎರಡೂ ಬೇರೆ. ಇದೇ ಕಂಪನಿಯ ವಿಮೆಯನ್ನೇ ಕೊಳ್ಳಿ ಅಂತ ಬ್ಯಾಂಕಿನವರು ಬಲವಂತ ಮಾಡುವಂತಿಲ್ಲ.

ನಿಜ ಹೇಳಿ, ಬರೆಸಿ

ಸೋಗೆ ಮನೆಗೆ, ಹುಲ್ಲಿನ ಮನೆಗೆ ದರ ಬೇರೆ ಇರುತ್ತದೆ. ಕಂತು ಕಡಿಮೆ ಆಗಲಿ ಅಂತ 'ಆರ್‌ಸಿಸಿ ಮನೆ' ಅಂತ ಬರೆಸಬೇಡಿ. ಮನೆಯಲ್ಲೇ ಅಂಗಡಿ ಇದ್ದರೆ ಅದನ್ನೂ ಹೇಳಿ. ಸುಳ್ಳು ಬರೆಸಿದರೆ ಹಣ ಕೇಳುವ ದಿನ ಕಂಪನಿಗೆ ಅದೇ ನೆಪವಾಗುತ್ತದೆ. ಏಜೆಂಟರು ಬರೆದದ್ದನ್ನು ಓದದೆ ಸಹಿ ಹಾಕಬೇಡಿ. ನಾವು ಅಕ್ಷರ ಕಲಿತದ್ದು ಯಾಕೆ? ಹೆಬ್ಬೆಟ್ಟು ಬಿಟ್ಟು ಸಹಿ ಹಾಕೋದಕ್ಕೆ ಮಾತ್ರ ಅಲ್ಲ. ಸಹಿಯ ಮೇಲೆ ಏನು ಬರೆದಿದೆ ಅಂತ ತಿಳಿಯೋದಕ್ಕೆ.

ಹಣ ಕಟ್ಟಿದ ರಸೀದಿ, ಪಾಲಿಸಿ ಕಾಗದ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಒಂದು ನಕಲನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡಿ. ಮನೆ ಕೊಚ್ಚಿಹೋದಾಗ ಕಾಗದವೂ ಕೊಚ್ಚಿಹೋಗಬಾರದು. ಹಾನಿ ಆದರೆ ತಡ ಮಾಡದೆ ಕಂಪನಿಗೆ ತಿಳಿಸಿ. ಫೋಟೊ ತೆಗೆಸಿ. ಸರ್ವೇಯರ್ ಬಂದು ನೋಡುವ ತನಕ ಮುರಿದ ಸಾಮಾನು ಎಸೆಯಬೇಡಿ.

ಅನ್ಯಾಯ ಆದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಐಆರ್‌ಡಿಎಐನ 155255 ಸಂಖ್ಯೆಗೆ ಫೋನ್ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ, ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅಲ್ಲಿ ಶುಲ್ಕ ಇಲ್ಲ. ವಕೀಲರೂ ಬೇಡ.

ಕೊನೆಯದಾಗಿ ಒಂದು ಮಾತು. 'ಏನೂ ಆಗದಿದ್ದರೆ ಕಟ್ಟಿದ ಹಣ ದಂಡ ಅಲ್ಲವಾ?' ಅಂತ ಕೇಳ್ತೀರಿ. ಹೌದು, ಆ ಹಣ ವಾಪಸ್ ಬರೋದಿಲ್ಲ. ನಮ್ಮ ಲೆಕ್ಕದ ಮನೆಗೆ ಅದು ವರ್ಷಕ್ಕೆ 540, ತಿಂಗಳಿಗೆ 45 ರೂಪಾಯಿ. 540 ಹೋದರೆ ಬದುಕು ನಿಲ್ಲೋದಿಲ್ಲ. 9 ಲಕ್ಷ ಹೋದರೆ ಎಷ್ಟು ವರ್ಷ ಹಿಂದಕ್ಕೆ ಹೋಗ್ತೀವಿ? ಎರಡನ್ನೂ ತಕ್ಕಡಿಯಲ್ಲಿ ಇಟ್ಟು ನೋಡಿ. ತೀರ್ಮಾನ ನಿಮ್ಮದು.

ಮಾಡಿ ನೋಡಿ

1. ನಿಮ್ಮ ಮನೆಯ ಒಳಗಿನ ಉದ್ದ, ಅಗಲ ಅಳೆದು ಬರೆಯಿರಿ. ಎಷ್ಟು ಚದರ ಅಡಿ?

2. ಮೇಸ್ತ್ರಿಯನ್ನು ಕೇಳಿ, ಮತ್ತೆ ಕಟ್ಟುವ ಖರ್ಚು ಲೆಕ್ಕ ಹಾಕಿ.

3. 6 ಲಕ್ಷದ ವಿಮೆಗೆ 420 ರೂಪಾಯಿ ಕಂತು. ಸಾವಿರಕ್ಕೆ ಎಷ್ಟು ಪೈಸೆ?

4. ನಿಮ್ಮ ಊರಿನ ಮನೆಗಳಿಗೆ ಇರುವ ದೊಡ್ಡ ಅಪಾಯ ಯಾವುದು? ಗುಂಪಿನಲ್ಲಿ ಮಾತಾಡಿ.