ಚೆಕ್ಕಿನ ಹುಟ್ಟು
(ಮುಂಬಯಿಯಲ್ಲಿ ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ನಾನು ಸಾಹಿತಿಯಲ್ಲ, ಬ್ಯಾಂಕಿನ ಗುಮಾಸ್ತ. ಹಗಲೆಲ್ಲ ಚೆಕ್ಕು ನೋಡುವುದೇ ನನ್ನ ಕಸುಬು. ಆದುದರಿಂದ ಆ ಶಬ್ದದ ಹುಟ್ಟನ್ನು ಕುರಿತೇ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಅದಕ್ಕೊಂದು ಕಾರಣವೂ ಉಂಟು.

ಹೋದ ವರ್ಷ ಉಡುಪಿಯ ಕಡೆಯ ಹಿರಿಯರೊಬ್ಬರು ನನ್ನ ಕೌಂಟರಿಗೆ ಬಂದು, "ಈ ಚೆಕ್ಕು ಜಮಾ ಮಾಡಿಕೊಳ್ಳಿ ಮಾರಾಯರೇ" ಎಂದರು. ಪಕ್ಕದವರು ನಕ್ಕರು. ನಾನೂ ದೊಡ್ಡವನಂತೆ, "ಚೆಕ್ಕು ಅಲ್ಲ, ಚೆಕ್ ಎನ್ನಬೇಕು" ಎಂದು ತಿದ್ದಿದೆ. ಅಂದಿನಿಂದ ಅವರು ನನ್ನೊಡನೆ ಕನ್ನಡವಾಡುವುದನ್ನೇ ಬಿಟ್ಟರು. ಹರಕು ಹಿಂದಿಯಲ್ಲಿ ಎರಡು ಮಾತಾಡಿ ಹೋಗುವರು. ಅದು ನನ್ನ ಮನಸ್ಸನ್ನು ಚುಚ್ಚಿತು. ನಾನು ತಿದ್ದಿದ ಶಬ್ದ ಯಾರ ಸೊತ್ತೆಂದು ಹುಡುಕಿ ನೋಡಿದೆ.

ಅದರ ಬೇರು ಇಂಗ್ಲೆಂಡಿನದಲ್ಲ. ಪಾರಸಿಯಲ್ಲಿ 'ಶಾಹ್' ಎಂದರೆ ದೊರೆ. ನಮ್ಮ ದೇಶದ ಚದುರಂಗ ಪಾರಸಿಕರ ಕೈಸೇರಿದಾಗ, ಎದುರಾಳಿಯ ದೊರೆಗೆ ಅಪಾಯ ಒಡ್ಡಿದವನು 'ಶಾಹ್' ಎಂದು ಎಚ್ಚರಿಸುತ್ತಿದ್ದನು. ಇಲ್ಲಿಯ ಮರಾಠಿ ಗೆಳೆಯರು ಇಂದಿಗೂ ಆಟದಲ್ಲಿ 'ಶಹ' ಕೊಡುತ್ತಾರಷ್ಟೆ! ಆ ಶಬ್ದ ಆಟದೊಡನೆ ಅರಬರ ಮೂಲಕ ಯೂರೋಪಿಗೆ ಹೋಗಿ, ಹಳೆಯ ಫ್ರೆಂಚಿನಲ್ಲಿ 'ಎಸ್‌ಚೆಕ್' ಆಗಿ, ಇಂಗ್ಲಿಷಿನಲ್ಲಿ 'ಚೆಕ್' ಆಯಿತು. ದೊರೆಯನ್ನು ತಡೆಯುವುದರಿಂದ ತಡೆ ಎಂಬ ಅರ್ಥ ಬಂತು. ಮುಂದೆ ತಪಾಸಣೆ ಎಂಬ ಅರ್ಥವೂ ಸೇರಿತು. ಚದುರಂಗದ ಮಣೆಯನ್ನು ಹೋಲುವ ಚೌಕಳಿ ಬಟ್ಟೆಗೂ ಅದೇ ಹೆಸರು. 12ನೆಯ ಶತಮಾನದಲ್ಲಿ ಇಂಗ್ಲೆಂಡಿನ ಅರಸನ ಲೆಕ್ಕಿಗರು ಚೌಕಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಲ್ಲೆಗಳನ್ನಿಟ್ಟು ಕಂದಾಯ ಎಣಿಸುತ್ತಿದ್ದರು. ಅದರಿಂದಲೇ ಖಜಾನೆಗೆ 'ಎಕ್ಸ್‌ಚೆಕರ್' ಎಂಬ ಹೆಸರಾಯಿತು.

18ನೆಯ ಶತಮಾನದ ಆರಂಭದಲ್ಲಿ, ಹಣದ ಪತ್ರವನ್ನು ಹರಿದುಕೊಟ್ಟ ಮೇಲೆ ಉಳಿಯುವ ಕೌಂಟರ್‌ಫಾಯಿಲಿಗೆ 'ಚೆಕ್' ಎನ್ನುತ್ತಿದ್ದರು. ಮೋಸವನ್ನು ತಡೆಯುವುದು ಅದರ ಕೆಲಸ. ಕ್ರಮೇಣ ಆ ಹೆಸರು ಪತ್ರಕ್ಕೇ ಅಂಟಿತು. ಮುಂದೆ ಇಂಗ್ಲಿಷರು 'ಎಕ್ಸ್‌ಚೆಕರ್' ಶಬ್ದವನ್ನನುಸರಿಸಿ ಅದರ ಕಾಗುಣಿತವನ್ನು ಬದಲಿಸಿದರು. ಅಮೆರಿಕದವರು ಬೇರೆಯಾಗಿಯೇ ಬರೆಯುತ್ತಾರೆ.

ಹೀಗೆ ಪ್ರತಿಯೊಂದು ನಾಡೂ ಅದನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡಿತು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕನ್ನಡಿಗನು ಕೊನೆಗೊಂದು ಉಕಾರ ಹಚ್ಚಿದರೆ ಮಾತ್ರ ತಪ್ಪೇ? ಬಸ್ಸು, ಕಾರು ಎನ್ನುವ ನಾವು ಚೆಕ್ಕಿಗೆ ನಾಚಬೇಕೇ?

ಕಳೆದ ತಿಂಗಳು ಆ ಹಿರಿಯರು ಬಂದಾಗ ನಾನೇ ಮೊದಲು, "ಚೆಕ್ಕು ಕೊಡಿ ರಾಯರೇ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ತಾರೀಕು ಸರಿ ಉಂಟಾ ನೋಡಿ ಮಾರಾಯರೇ" ಎಂದರು.

ತಾರೀಕು ಸರಿಯಾಗಿಯೇ ಇತ್ತು. ತಪ್ಪಿದ್ದವನು ನಾನು.