ತೌಡಿನ ಲೆಕ್ಕ ಕೇಳೋಣ



ಬತ್ತದ ಬೆಂಬಲ ಬೆಲೆ ಸಾಲದು ಅಂತ ಕೂಗುತ್ತಲೇ ಇದ್ದೇವೆ. ಕೂಗಬೇಕಾದ್ದೇ. ಆದರೆ ಇವತ್ತು ನಾನು ಮಾತಾಡೋದು ಅಕ್ಕಿ ವಿಷಯ ಅಲ್ಲ, ತೌಡಿನ ವಿಷಯ. ನಗಬೇಡಿ.

ಒಂದು ಕ್ವಿಂಟಲ್ ಬತ್ತ ಮಿಲ್ಲಿಗೆ ಹೋದರೆ ಅಕ್ಕಿ ಸುಮಾರು 67 ಕೆ.ಜಿ. ಸರ್ಕಾರ ಮಿಲ್ಲಿನವರಿಂದ ವಾಪಸು ಕೇಳೋದೂ ಇದೇ ಲೆಕ್ಕದಲ್ಲಿ. ಉಳಿದದ್ದು ಎಲ್ಲಿ ಹೋಯಿತು? 20 ಕೆ.ಜಿ.ಯಷ್ಟು ಹೊಟ್ಟು, ಅದು ಬಾಯ್ಲರಿಗೆ ಉರುವಲು. 7-8 ಕೆ.ಜಿ. ತೌಡು. ಎರಡೂ ಮಿಲ್ಲಿನವರಿಗೇ.

ಹಿಂದೆ ಊರಿನ ಹಲ್ಲರ್ ಮಿಲ್ಲಿನಲ್ಲಿ ನಾವೇ ನಿಂತು ಅಕ್ಕಿ ಮಾಡಿಸುತ್ತಿದ್ದೆವು. ಆ ತೌಡಿನಲ್ಲಿ ಹೊಟ್ಟೂ ಕಲೆತಿರುತ್ತಿತ್ತು; ಕಲಗಚ್ಚಿನ ಜೊತೆ ಎಮ್ಮೆಗೆ ಹೋಗುತ್ತಿತ್ತು. ಈಗ ರಬ್ಬರ್ ರೋಲರ್ ಮೊದಲು ಹೊಟ್ಟು ಬಿಡಿಸುತ್ತದೆ, ಆಮೇಲೆ ಪಾಲಿಷ್. ಹಾಗೆ ಬಂದ ಶುದ್ಧ ತೌಡಿನಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆ. ನೂರು ಕ್ವಿಂಟಲ್ ಬತ್ತದೊಳಗೆ ನೂರು ಕೆ.ಜಿ.ಗೂ ಮೇಲೆ ಅಡುಗೆ ಎಣ್ಣೆ ಕೂತಿದೆ ಸ್ವಾಮಿ! ದೇಶ ಅರ್ಧಕ್ಕೂ ಹೆಚ್ಚು ಅಡುಗೆ ಎಣ್ಣೆಯನ್ನು ಹೊರಗಿನಿಂದ ತರಿಸುತ್ತಿದೆ.

ಹಾಗಾದರೆ ನಾವೇ ತೌಡು ಮಾರೋಣ ಅಂದರೆ ಅಷ್ಟು ಸುಲಭ ಅಲ್ಲ. ಕಾಳಿನ ಮೇಲಿರುವ ತನಕ ತೌಡು ಕೆಡೋದಿಲ್ಲ. ಪಾಲಿಷ್ ಆದ ಗಳಿಗೆಯಿಂದ ಅದರೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯೋಕೆ ಶುರುಮಾಡುತ್ತೆ. ಗಂಟೆ ಲೆಕ್ಕದಲ್ಲಿ ಆಮ್ಲ ಏರುತ್ತೆ. ಕೆಲವು ದಿನ ಮೂಟೆಯಲ್ಲೇ ಬಿಟ್ಟರೆ ಕಮಟು. ಆ ಎಣ್ಣೆ ಸೋಪಿಗಾದೀತು, ಬಾಣಲೆಗಲ್ಲ. ಕೂಡಲೇ ಹಬೆ ಕೊಟ್ಟು ಒಣಗಿಸಿದರೆ ಕಿಣ್ವದ ಆಟ ನಿಲ್ಲುತ್ತೆ, ತೌಡು ವಾರಗಟ್ಟಲೆ ತಡೆಯುತ್ತೆ. ಕುಸುಬಲಕ್ಕಿ ಮಿಲ್ಲಿನ ತೌಡು ಬತ್ತ ಬೇಯಿಸುವಾಗಲೇ ಹಬೆ ಕಂಡಿರುವುದರಿಂದ ಬೇಗ ಕೆಡದು.

ಹೆಕ್ಸೇನ್ ಹಾಕಿ ಎಣ್ಣೆ ತೆಗೆಯೋದು ದೊಡ್ಡ ಕಾರ್ಖಾನೆ ಕೆಲಸ, ಬೆಂಕಿಯ ಅಪಾಯದ್ದು. ಅದಕ್ಕೆ ನಾವು ಕೈ ಹಾಕಬೇಕಿಲ್ಲ. ಹಬೆಯ ಯಂತ್ರ ಮಾತ್ರ ಮಿಲ್ಲಿನ ಪಕ್ಕದಲ್ಲೇ ಇರಬೇಕು. ಸೊಸೈಟಿ ಮಿಲ್ಲುಗಳಿಗೆ ಸಾಲ ಕೊಡೋದಾದರೆ ಮೊದಲು ಇದಕ್ಕೆ ಕೊಡಲಿ. ಬಣ್ಣ ಬಳಿಯೋಕಲ್ಲ.

ಸರ್ಕಾರದ ಬತ್ತ ಅಕ್ಕಿ ಮಾಡಿಕೊಡುವ ಮಿಲ್ಲಿಗೆ ಕೂಲಿ ಕಡಿಮೆ, ಯಾಕೆಂದರೆ ತೌಡು, ಹೊಟ್ಟು ಅವರಿಗೇ ಬಿಟ್ಟದ್ದು. ಅದರ ಬೆಲೆಯನ್ನು ಸರಿಯಾಗಿ ಹಿಡಿಯದೆ ಮಿಲ್ಲಿನವರಿಗೆ ಲಾಭವಾಗಿದೆ ಅಂತ 2015ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು. ನಾವು ಹೇಳಿದ್ದರೆ ರೈತರ ಗಲಾಟೆ ಅನ್ನುತ್ತಿದ್ದರು.

ಇನ್ನೊಂದು ನೋಡಿ. ಪಶು ಆಹಾರದ ಬೆಲೆ ಏರಿದೆ ಅಂತ ಎಣ್ಣೆ ತೆಗೆದ ತೌಡಿನ ರಫ್ತನ್ನು ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ನಿಲ್ಲಿಸಿತು. 2025ರ ಅಕ್ಟೋಬರಿನಲ್ಲಿ ಮತ್ತೆ ಬಿಟ್ಟಿತು. ಈ ಎರಡು ವರ್ಷ ನಿಮ್ಮ ಹಸುವಿನ ಹಿಂಡಿ ಅಗ್ಗವಾಯಿತೆ? ನೀವೇ ಹೇಳಿ. ತೌಡಿನ ಬೆಲೆ ಬಿದ್ದರೆ ಮಿಲ್ಲಿನವರು ಅದನ್ನೇ ಹೇಳಿ ಬತ್ತದಲ್ಲಿ ಮುರಿದುಕೊಳ್ಳುತ್ತಾರೆ. ಏರಿದಾಗ ನಮಗೆ ಹೇಳಿದವರುಂಟೆ? ಬತ್ತ ಹಾಕಿ ಬಂದ ಮಿಲ್ಲಿನಿಂದಲೇ ನಾನು ಹಸುವಿಗೆ ತೌಡು ಕೊಂಡು ತರುತ್ತೇನೆ, ಅದೂ ಸಾಲದಲ್ಲಿ. ನಿಮ್ಮಲ್ಲಿ ಎಷ್ಟು ಮಂದಿ ಹಾಗಿಲ್ಲ?

ಖಾಸಗಿ ಮಿಲ್ಲಿರಲಿ, ಸರ್ಕಾರದ ಖರೀದಿ ಇರಲಿ, ಬತ್ತದ ಬೆಲೆ ಕಟ್ಟುವಾಗ ತೌಡಿನ ದರ ಬೇರೆಯಾಗಿ ಬರೆದು ತೋರಿಸಲಿ ಅಂತ ತಹಸೀಲ್ದಾರರಿಗೆ ಮನವಿ ಕೊಡುವವರಿದ್ದೇವೆ. ಬಾಯಿಮಾತು ನಡೆಯೋಲ್ಲ. ಮುಂದಿನ ಸಭೆಗೆ ಬರುವಾಗ ಬತ್ತ ಹಾಕಿದ ಚೀಟಿ, ತೌಡು ಕೊಂಡ ಚೀಟಿ ಎರಡನ್ನೂ ತನ್ನಿ.