ಹೊಲಿಗೆ ಒಣಗಿದ ಮೇಲೂ ಮಾತ್ರೆ ಏಕೆ?



ಮನೆಯಲ್ಲಿ ಅಮ್ಮನಿಗೆ ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳಾಗಿದೆ ಎನ್ನಿ. ಕುತ್ತಿಗೆಯ ಗಾಯ ಮಾಯ್ದಿದೆ, ದನಿ ಸರಿಯಾಗಿದೆ. "ಆರಾಮಾಗಿದ್ದೇನಲ್ಲ, ಇನ್ನೂ ಯಾಕೆ ಈ ಮಾತ್ರೆ?" ಎಂದು ಅವರು ಡಬ್ಬಿಯನ್ನು ಕಪಾಟಿನಲ್ಲಿಟ್ಟುಬಿಡುತ್ತಾರೆ. ಇಂದಿನ ಮಾತು ಆ ಡಬ್ಬಿಯ ಬಗ್ಗೆ.

ಜ್ವರ ಇಳಿದ ಮೇಲೆ ಜ್ವರದ ಮಾತ್ರೆ ಬಿಡುತ್ತೇವೆ. ಇದು ಅಂಥದ್ದಲ್ಲ. ದೇಹದ ಬಿಸಿ, ಹೃದಯದ ಬಡಿತ, ಮನಸ್ಸಿನ ಚುರುಕು ಎಲ್ಲಕ್ಕೂ ಥೈರಾಯ್ಡ್ ಹಾರ್ಮೋನು ಬೇಕು. ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಅದನ್ನು ಹೊರಗಿನಿಂದಲೇ ಕೊಡಬೇಕು, ಅದೂ ಜೀವನಪರ್ಯಂತ. ಅರ್ಧ ಗ್ರಂಥಿ ಉಳಿದವರಿಗೆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ.

ಈ ಪಾಠ ಸುಲಭವಾಗಿ ಸಿಕ್ಕಿದ್ದಲ್ಲ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಹೆಸರುವಾಸಿ. ಗ್ರಂಥಿ ಪೂರ್ತಿ ತೆಗೆಸಿಕೊಂಡವರು ಕ್ರಮೇಣ ಊದಿಕೊಂಡು ಮಂಕಾಗುವುದನ್ನು ಕಂಡು, 1883ರಲ್ಲಿ ಅವರೇ ಅದನ್ನು ಬಹಿರಂಗವಾಗಿ ಹೇಳಿದರು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ, ಥೈರಾಯ್ಡ್ ಕುಂದಿದ್ದ ಮಹಿಳೆಗೆ ಕುರಿಯ ಗ್ರಂಥಿಯ ಸಾರ ಚುಚ್ಚಿದರು. ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದರು. ಇಂದು ಅದೇ ಕೆಲಸವನ್ನು ಚಿಕ್ಕದೊಂದು ಥೈರಾಕ್ಸಿನ್ ಮಾತ್ರೆ ಮಾಡುತ್ತದೆ.

ಮಾತ್ರೆ ಬಿಟ್ಟ ಮರುದಿನವೇ ಏನೂ ಆಗುವುದಿಲ್ಲ. ಮೋಸ ಇರುವುದೇ ಅಲ್ಲಿ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಕೆಲವು ವಾರಗಳ ಮೇಲೆ ಆಯಾಸ, ಮಲಬದ್ಧತೆ, ಚಳಿ, ಕೂದಲುದುರುವಿಕೆ, ಮರೆವು ಒಂದೊಂದಾಗಿ ಬರುತ್ತವೆ. ಮನೆಯವರು "ವಯಸ್ಸಾಯಿತು" ಎನ್ನುತ್ತಾರೆ. ಡಬ್ಬಿ ಯಾರ ನೆನಪಿಗೂ ಬರುವುದಿಲ್ಲ.

ಇನ್ನು ನಮ್ಮ ಪುಣೆಯ ಚಹಾ! ಅಮೃತತುಲ್ಯದ ಚಹಾ ಇರಲಿ, ಮನೆಯ ಫಿಲ್ಟರ್ ಕಾಫಿ ಇರಲಿ, ಮಾತ್ರೆಯ ನಂತರ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಲಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ನೀರಿನೊಂದಿಗೆ ಮಾತ್ರೆ ನುಂಗಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದರೆ, ಕೈಕಾಲು ಸೆಟೆದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಥೈರಾಯ್ಡಿನ ಹಿಂದಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು.

ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರಗಳ ಮೇಲೆ ರಕ್ತಪರೀಕ್ಷೆ ಮಾಡಿಸಿ. ಗರ್ಭ ನಿಂತರೆ ಕೂಡಲೇ ವೈದ್ಯರಿಗೆ ಹೇಳಿ. ಬೇಗ ಗುಣವಾಗಲೆಂದು ನೀವೇ ಪ್ರಮಾಣ ಹೆಚ್ಚಿಸಬೇಡಿ. ಅದರಿಂದ ಹೃದಯಕ್ಕೂ ಮೂಳೆಗೂ ಕೆಡುಕು.

ರಜೆಗೆ ಹುಬ್ಬಳ್ಳಿಗೋ ಕಲಬುರಗಿಗೋ ಹೊರಟಾಗ ಚೀಲಕ್ಕೆ ಮೊದಲು ಆ ಡಬ್ಬಿ ಹಾಕಿ. ಇಂದೇ ಒಮ್ಮೆ ಅಮ್ಮನ ಕಪಾಟನ್ನೂ ತೆರೆದು ನೋಡುತ್ತೀರಲ್ಲ?